ಹೊಸಬರ ಪತ್ರಿಕೆ

ಜುಲೈ 1 ಬಂತೆಂದರೆ ತಾಲೂಕು ತಾಲೂಕಿನಲ್ಲೂ ಪತ್ರಿಕಾ ದಿನಾಚರಣೆ. ಹಾರ, ಶಾಲು, ಭಾಷಣ. 1843ರ ಇದೇ ದಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದರು ಎಂಬ ಮಾತು ಎಲ್ಲ ವೇದಿಕೆಯಲ್ಲೂ ಬರುತ್ತದೆ. ಆಗ ಅವರು ಕನ್ನಡಕ್ಕೆ ಎಷ್ಟು ಹೊಸಬರಾಗಿದ್ದರು ಎಂಬ ಮಾತು ಮಾತ್ರ ಅಪರೂಪ.

ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯಲ್ಲಿ. ಟ್ಯೂಬಿಂಗನ್‌ನಲ್ಲಿ ದೇವತಾಶಾಸ್ತ್ರ ಓದಿ, 1836ರ ಕೊನೆಗೆ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಿಲ್ಲ. ಇಲ್ಲಿ ಮನೆ, ಬೀದಿಗಳಲ್ಲಿ ತುಳು, ಕೊಂಕಣಿ, ಬ್ಯಾರಿ. ಓದು ಬರಹಕ್ಕೆ ಕನ್ನಡ. ಇಪ್ಪತ್ತೈದು ದಾಟಿದವರು ಅ ಆ ಇ ಈಯಿಂದ ಶುರು ಮಾಡಿದರು. ಏಳು ವರ್ಷ ತುಂಬುವ ಮೊದಲೇ ಸಂಪಾದಕರಾದರು.

ಹೊಸಬರು ಅವರೊಬ್ಬರೇ ಅಲ್ಲ. ಪತ್ರಿಕೆ ಅಂದರೇನು, ಅದನ್ನು ದುಡ್ಡು ಕೊಟ್ಟು ಯಾಕೆ ಓದಬೇಕು ಎಂಬುದು ಕನ್ನಡದ ಓದುಗರಿಗೂ ಹೊಸತೇ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಹಾಳೆಗಳಲ್ಲಿ ಊರ ಸುದ್ದಿ, ಸರ್ಕಾರದ ಆದೇಶ, ಪರದೇಶದ ವರ್ತಮಾನ, ಕಥೆ ಎಲ್ಲವೂ ಇರುತ್ತಿತ್ತು. ಅದು ಕಲ್ಲಚ್ಚಿನ ಪತ್ರಿಕೆ. ಜಿಡ್ಡಿನ ಶಾಯಿಯ ಬರಹವನ್ನು ಕಲ್ಲಿಗಿಳಿಸಿ, ಕಲ್ಲನ್ನು ಒದ್ದೆ ಮಾಡಿ ಮಸಿ ಸವರಿದರೆ, ಜಿಡ್ಡಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಅಂದರೆ ಅಚ್ಚಾದ ಒಂದೊಂದು ಅಕ್ಷರವೂ ಯಾರದೋ ಕೈಬರಹ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಹೆಚ್ಚು ಕಾಲ ಬಾಳಲಿಲ್ಲ.

ಮೊಗ್ಲಿಂಗರ ಕಲಿಕೆ ಮಾತ್ರ ನಿಲ್ಲಲಿಲ್ಲ. 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಬೇರೆ ಧರ್ಮವನ್ನು ಸಾರಲು ಬಂದ ಪಾದ್ರಿ ವಚನಕಾರರ, ಹರಿದಾಸರ ಪರಂಪರೆಯ ಪುಸ್ತಕಗಳನ್ನು ಉಳಿಸಿದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಆದರೆ ಇಂಥ ಕಲಿಕೆ ಒಬ್ಬರಿಂದ ಆಗುವುದಲ್ಲ. ಪಾಠ ಹೇಳುವ ಮುನ್ಶಿ ಬೇಕು, ಓಲೆಗರಿ ತಂದುಕೊಡುವವರು ಬೇಕು, ಅಂದವಾಗಿ ಬರೆಯುವ ಕೈ ಬೇಕು. ನಮ್ಮ ದಿನಾಚರಣೆಯ ಭಾಷಣಗಳಲ್ಲಿ ಅವರ ಹೆಸರು ಕೇಳಿದ ನೆನಪು ನನಗಿಲ್ಲ.

ಬೈಲೈನ್ ಇಲ್ಲದೆ, ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಸುದ್ದಿ ಕಳಿಸುವ ನಮ್ಮಂಥ ಸ್ಟ್ರಿಂಗರುಗಳಿಗೆ ಇದು ಬೇಗ ಅರ್ಥವಾಗುತ್ತದೆ. ನಮಗೂ ಖಾತೆ, ಪಹಣಿ, ಪೋಡಿಯ ಒಳಸುಳಿ ಹೇಳಿಕೊಟ್ಟದ್ದು ಡಿಪ್ಲೊಮಾ ಅಲ್ಲ. ನಾಡಕಚೇರಿ ಮುಂದೆ ಅರ್ಜಿ ಬರೆದುಕೊಡುವವರು, ಸಂತೆಗೆ ಬಂದ ರೈತರು. ಹೊಸಬರಾಗಿರುವುದು ನಾಚಿಕೆಯ ವಿಷಯವಲ್ಲ. ಕಲಿಸಿದವರನ್ನು ಮರೆಯುವುದು ನಾಚಿಕೆ. ಮುಂದಿನ ಜುಲೈ 1ಕ್ಕೆ ಒಂದು ಶಾಲು ಆ ಅರ್ಜಿ ಬರೆಯುವವರಿಗೂ ಇರಲಿ.