ಸಾಕುಮಕ್ಕಳ ಮುಪ್ಪು

ಹೆಚ್ಚು ಬೆಲೆ ಕೂಗಿದವನಿಗೆ ವಸ್ತು ಸಲ್ಲುವುದು ಹರಾಜಿನ ರೂಢಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಹಲವು ಹಳ್ಳಿಗಳಲ್ಲಿ ಇದಕ್ಕೆ ತೀರ ವಿಪರೀತವಾದ ಹರಾಜೊಂದು ನಡೆಯುತ್ತಿತ್ತು. ಅಲ್ಲಿ ಜನರ ಮುಂದೆ ನಿಲ್ಲಿಸುತ್ತಿದ್ದುದು ಅನಾಥರನ್ನು, ಬಡವರ ಮಕ್ಕಳನ್ನು. ಮಗುವಿನ ಪಾಲನೆಗೆ ಯಾವ ರೈತ ಅತಿ ಕಡಿಮೆ ಹಣ ಕೇಳುತ್ತಿದ್ದನೋ ಅವನಿಗೆ ಆ ಮಗು ಸಲ್ಲುತ್ತಿತ್ತು.

ಇದಕ್ಕೆ ಕಾರಣ ಸರಳವಾದುದು. ಬಡವರ ಪೋಷಣೆಯ ಹೊಣೆ ಅವರ ಮೂಲ ಗ್ರಾಮದ ಮೇಲಿತ್ತು. ಗ್ರಾಮಕ್ಕೆ ವೆಚ್ಚ ತಗ್ಗಬೇಕಿತ್ತು. ರೈತನಿಗೆ ದುಡಿಯುವ ಕೈ ಬೇಕಿತ್ತು. ಹೀಗೆ ಒಪ್ಪಂದಕ್ಕೆ ಕೊಟ್ಟ ಮಕ್ಕಳನ್ನು ಆ ನಾಡಿನವರು 'ಫೆರ್ಡಿಂಗ್‌ಕಿಂಡರ್' ಎಂದು ಕರೆದರು. ಮುಂದೆ ಹರಾಜು ನಿಂತಿತು. ಆದರೆ ಮಕ್ಕಳನ್ನು ಹೊಲಮನೆಗಳಿಗೆ ಒಪ್ಪಿಸುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ಉಳಿಯಿತು. ಅವಿವಾಹಿತ ತಾಯಿಯ ಮಗು, ವಿಚ್ಛೇದಿತರ ಮಗು, ಅಲೆಮಾರಿ ಯೆನಿಷ್ ಜನರ ಮಗು, ಎಲ್ಲರೂ ಅಧಿಕಾರಿಯ ಒಂದು ಆಜ್ಞೆಯಿಂದ ಮನೆ ಬಿಡಬೇಕಾಗಿತ್ತು. ಸಾಕುಮಕ್ಕಳ ಮೇಲ್ವಿಚಾರಣೆಗೆ ಇಡೀ ದೇಶಕ್ಕೆ ಅನ್ವಯಿಸುವ ನಿಯಮಾವಳಿ ಹೊರಟದ್ದು 1977ರಲ್ಲಿ.

ಇದು ಯಾರಿಗೂ ತಿಳಿಯದ ಗುಟ್ಟಾಗಿತ್ತೇ? ಖಂಡಿತ ಅಲ್ಲ. ಎಮೆಂಟಾಲ್ ಸೀಮೆಯ ಪಾದ್ರಿ ಯೆರೆಮಿಯಾಸ್ ಗಾಟ್‌ಹೆಲ್ಫ್ 1837ರಲ್ಲಿಯೇ ಇಂಥ ಬಾಲಕನೊಬ್ಬನ ಬಾಳನ್ನು ಕಾದಂಬರಿಯಾಗಿಸಿದ. ತಾನೇ ಸಾಕುಮಗುವಾಗಿ ಬೆಳೆದು ಬಾಲಗೃಹಗಳಲ್ಲಿ ನೊಂದಿದ್ದ ಕಾರ್ಲ್ ಆಲ್ಬರ್ಟ್ ಲೂಸ್ಲಿ 1924ರಲ್ಲಿ ಆ ಗೃಹಗಳನ್ನು ಕುರಿತು ಉಗ್ರವಾಗಿ ಬರೆದ. ಓದಿದವರಿದ್ದರು, ಮರುಗಿದವರೂ ಇದ್ದರು. ವ್ಯವಸ್ಥೆ ಮಾತ್ರ ನಡೆದೇ ಇತ್ತು.

ನನ್ನ ಮನಸ್ಸನ್ನು ಹೆಚ್ಚಾಗಿ ಕಾಡಿದ್ದು ಆ ಮಕ್ಕಳು ದೊಡ್ಡವರಾದ ಮೇಲಿನ ಕಥೆ. ನಸುಕಿನಲ್ಲಿ ಕೊಟ್ಟಿಗೆಯ ಕೆಲಸ ಮುಗಿಸಿ ಶಾಲೆಯಲ್ಲಿ ತೂಕಡಿಸಿದ ಹುಡುಗನಿಗೆ ಮುಂದೆ ವೃತ್ತಿಶಿಕ್ಷಣ ದೊರೆಯಲಿಲ್ಲ. ಕಡಿಮೆ ಕೂಲಿಯ ಬದುಕು ಮುಪ್ಪಿನ ಬಡತನಕ್ಕೆ ದಾರಿಯಾಯಿತು. ಮನೆಯವರೊಡನೆ ಮೇಜಿಗೆ ಕೂಡದೆ ಬೇರೆಯಾಗಿ ಉಂಡ ಹುಡುಗಿ ತಾನು ತಾಯಿಯಾದಾಗ ಮಗುವನ್ನು ಅಪ್ಪುವ ಬಗೆಯನ್ನೇ ಹೊಸದಾಗಿ ಕಲಿಯಬೇಕಾಯಿತು. ತಮ್ಮ ಬಾಲ್ಯವನ್ನು ಕೈಹಿಡಿದವರಿಗೂ ಹೇಳದೆ ಬಾಳಿದವರು ಅನೇಕರು. ನಮ್ಮಲ್ಲಿ ಅನ್ನದ ಋಣವೆಂಬ ಮಾತುಂಟು. ದುಡಿದು ಉಂಡ ಈ ಮಕ್ಕಳಿಗೂ ಆ ಋಣವನ್ನೇ ನೆನಪಿಸಲಾಗುತ್ತಿತ್ತು. ಆದುದರಿಂದ ಅನ್ಯಾಯಕ್ಕೊಳಗಾದವರೇ ನಾಚಿಕೆಯನ್ನು ಹೊತ್ತು ನಡೆದರು.

2013ರ ಏಪ್ರಿಲ್ 11ರಂದು ಬರ್ನ್ ನಗರದಲ್ಲಿ ಸಚಿವೆ ಸಿಮೊನೆಟ್ಟಾ ಸೊಮ್ಮರೂಗಾ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಸ್ವತಃ ಬಾಲಗೃಹವನ್ನು ಕಂಡಿದ್ದ ಉದ್ಯಮಿ ಗೀಡೊ ಫ್ಲೂರಿ 2014ರಲ್ಲಿ ಪರಿಹಾರಕ್ಕಾಗಿ ಜನರ ಸಹಿ ಸಂಗ್ರಹಕ್ಕೆ ತೊಡಗಿದರು. ಅದರ ಒತ್ತಡದಿಂದ ಹುಟ್ಟಿದ ಕಾನೂನು 2017ರ ಏಪ್ರಿಲಿನಲ್ಲಿ ಜಾರಿಗೆ ಬಂತು. 1981ಕ್ಕೆ ಮುಂಚಿನ ಇಂಥ ಬಲವಂತದ ಕ್ರಮಗಳಿಗೆ ಬಲಿಯಾದ ಪ್ರತಿಯೊಬ್ಬರಿಗೂ 25,000 ಫ್ರಾಂಕ್ ಕೊಡುವುದೆಂದಾಯಿತು. ನೋವಿನ ಹೆಚ್ಚುಕಡಿಮೆಯನ್ನು ಅಳೆಯದೆ ಎಲ್ಲರಿಗೂ ಒಂದೇ ಮೊತ್ತವಿಟ್ಟದ್ದು ವಿವೇಕವೆಂದೇ ನಾನು ಭಾವಿಸುತ್ತೇನೆ.

ಆದರೆ ಅರ್ಜಿಗೆ 2018ರ ಮಾರ್ಚ್ 31 ಕಡೆಯ ದಿನವಾಗಿತ್ತು. ಸುಮಾರು ಒಂಬತ್ತು ಸಾವಿರ ಅರ್ಜಿಗಳು ಬಂದವು. ಬಾರದೆ ಉಳಿದವರೂ ಹಲವರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಯಾವ ಕಚೇರಿಯ ಒಂದು ಕಾಗದ ತಾಯಿಯ ಮಡಿಲಿನಿಂದ ತನ್ನನ್ನು ಕಿತ್ತಿತ್ತೋ ಅಂಥ ಕಚೇರಿಗೆ ಎಂಬತ್ತರ ವಯಸ್ಸಿನಲ್ಲಿ ಮತ್ತೆ ಕಾಗದ ಬರೆಯುವ ಧೈರ್ಯ ಎಲ್ಲಿಂದ ಬರಬೇಕು? 2020ರಲ್ಲಿ ಆ ಗಡುವನ್ನೇ ತೆಗೆದುಹಾಕಲಾಯಿತು. ಈ ದೀರ್ಘ ಇತಿಹಾಸದಲ್ಲಿ ನನಗೆ ಸಮಾಧಾನ ತಂದ ಸಂಗತಿ ಇದೊಂದು. ಆ ಮಕ್ಕಳ ಬಾಯಿ ಕಟ್ಟಿದವರೇ, ಅವರು ಮಾತನಾಡಲು ತಡಮಾಡಿದರೆಂದು ಬಾಗಿಲು ಮುಚ್ಚುವುದು ಸಲ್ಲದೆಂಬುದನ್ನು ಒಂದು ರಾಜ್ಯ ಕೊನೆಗಾದರೂ ಒಪ್ಪಿಕೊಂಡಿತು.