ಹದಿಮೂರು ಸೆಕೆಂಡುಗಳ ಲೆಕ್ಕ

ಅಮೆರಿಕೆಯ ಒಹಾಯೊ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯದ ಆವರಣದಲ್ಲಿ 1970ರ ಮೇ 4ರ ಮಧ್ಯಾಹ್ನ ನ್ಯಾಷನಲ್ ಗಾರ್ಡ್ ಪಡೆಯ 28 ಮಂದಿ ಹದಿಮೂರು ಸೆಕೆಂಡುಗಳಲ್ಲಿ ಅರವತ್ತಕ್ಕೂ ಮಿಕ್ಕಿ ಗುಂಡುಗಳನ್ನು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಮಡಿದರು. ಒಂಬತ್ತು ಮಂದಿ ಗಾಯಗೊಂಡರು.

ಏಪ್ರಿಲ್ 30ರಂದು ಅಧ್ಯಕ್ಷ ನಿಕ್ಸನ್ ಕಾಂಬೋಡಿಯದೊಳಕ್ಕೆ ಸೇನೆ ನುಗ್ಗಿದುದನ್ನು ಪ್ರಕಟಿಸಿದ್ದೇ ಪ್ರತಿಭಟನೆಗೆ ಕಾರಣ. ಮೇ 2ರ ರಾತ್ರಿ ಆವರಣದಲ್ಲಿದ್ದ ಸೇನಾ ತರಬೇತಿಯ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಕಲ್ಲು ತೂರಿದವರೂ ಇದ್ದರು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಸಾಂಡ್ರಾ ಶೋಯರ್ ತರಗತಿಗೆ ನಡೆದುಹೋಗುತ್ತಿದ್ದವಳು. ವಿಲಿಯಂ ಶ್ರೋಡರ್ ತಾನೇ ಸೇನಾ ತರಬೇತಿಯ ವಿದ್ಯಾರ್ಥಿ. ಇಬ್ಬರೂ ಬಂದೂಕುಗಳಿಂದ ಮುನ್ನೂರೆಂಬತ್ತು ಅಡಿಗಳಷ್ಟು ದೂರದಲ್ಲಿದ್ದರು. ಅಷ್ಟು ದೂರದಿಂದ ಎಸೆದ ಯಾವ ಕಲ್ಲು ಯಾರ ಪ್ರಾಣಕ್ಕೆ ಎರವಾದೀತು?

ಗುಂಡಿನ ಸದ್ದಡಗಿದ ಮೇಲೆ ಕ್ರುದ್ಧರಾದ ನೂರಾರು ವಿದ್ಯಾರ್ಥಿಗಳು ಮತ್ತೆ ಪಡೆಗೆದುರಾಗಿ ಕುಳಿತರು. ಭೂವಿಜ್ಞಾನದ ಪ್ರಾಧ್ಯಾಪಕ ಗ್ಲೆನ್ ಫ್ರಾಂಕ್ ಅಳುತ್ತಲೇ ಅಂಗಲಾಚಿ ಅವರನ್ನು ಅಲ್ಲಿಂದ ಎಬ್ಬಿಸಿದರು. ಆ ದಿನ ಇನ್ನಷ್ಟು ಹೆಣಗಳು ಬೀಳದಂತೆ ತಡೆದುದು ನಿರಾಯುಧನೊಬ್ಬನ ಕಣ್ಣೀರು.

ಆಗ ಹತ್ತು ವರ್ಷದ ಬಾಲಕನಾಗಿದ್ದ ಡರ್ಫ್ ಬ್ಯಾಕ್‌ಡರ್ಫ್ 2020ರಲ್ಲಿ ಈ ವೃತ್ತಾಂತವನ್ನು ಚಿತ್ರಗ್ರಂಥವಾಗಿ ಹೊರತಂದರು. ಚಿತ್ರಕಥೆಯೆಂದರೆ ಮಕ್ಕಳ ಓದು ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ, ಇದು ಹಾಗಲ್ಲ. ಸಂದರ್ಶನ, ದಾಖಲೆಗಳ ಆಧಾರದಿಂದ ಆ ನಾಲ್ವರ ಕೊನೆಯ ನಾಲ್ಕು ದಿನಗಳನ್ನು ಗ್ರಂಥಕಾರರು ಹಿಂಬಾಲಿಸುತ್ತಾರೆ. ಲಾರಿ ಚಾಲಕರ ಮುಷ್ಕರದ ಕಾವಲಿನಿಂದ ನೇರವಾಗಿ ಬಂದಿಳಿದ, ನಿದ್ದೆಗೆಟ್ಟ ಯೋಧರನ್ನೂ ಚಿತ್ರಿಸುತ್ತಾರೆ.

ಗುಂಡು ಹಾರಿಸಿದುದು ಅನಾವಶ್ಯಕ, ಅಕ್ಷಮ್ಯ ಎಂದು ಅಧ್ಯಕ್ಷರೇ ನೇಮಿಸಿದ ಆಯೋಗ ಅದೇ ವರ್ಷ ವರದಿಯಿತ್ತಿತು. ಆದರೂ ಘಟನೆಯ ಬೆನ್ನಿಗೇ ನಡೆದ ಜನಾಭಿಪ್ರಾಯ ಸಂಗ್ರಹದಲ್ಲಿ ಶೇಕಡಾ 58 ಮಂದಿ ತಪ್ಪು ಹೊರಿಸಿದುದು ವಿದ್ಯಾರ್ಥಿಗಳ ಮೇಲೆ. ಆರೋಪಕ್ಕೊಳಗಾದ ಎಂಟು ಯೋಧರನ್ನು ನ್ಯಾಯಾಲಯ 1974ರಲ್ಲಿ ಬಿಡುಗಡೆ ಮಾಡಿತು. 1979ರಲ್ಲಿ ರಾಜಿಯಾಯಿತು: ಒಟ್ಟು 6,75,000 ಡಾಲರ್. ತೆತ್ತುದು ರಾಜ್ಯದ ಬೊಕ್ಕಸ, ಎಂದರೆ ತೆರಿಗೆದಾರರು. ಮಡಿದವರ ತಂದೆತಾಯಿಗಳೂ ಅವರಲ್ಲಿ ಸೇರಿರಬಹುದೆಂಬುದನ್ನು ಲೆಕ್ಕ ಬಲ್ಲವರು ಗಮನಿಸದಿರಲಾರರು. ನಡು ಕಳೆದುಕೊಂಡ ಡೀನ್ ಕೇಲರ್‌ಗೆ ಸಿಂಹಪಾಲು, 3,50,000. ಮಡಿದವರ ಕುಟುಂಬಗಳಿಗೆ ತಲಾ 15,000. ಜೊತೆಗೆ 28 ಪ್ರತಿವಾದಿಗಳ ಸಹಿಯುಳ್ಳ ಒಂದು ಹೇಳಿಕೆ. ಅದರಲ್ಲಿ ವಿಷಾದವಿದೆ, ಕ್ಷಮೆಯೆಂಬ ಶಬ್ದವಿಲ್ಲ.