ವಿಚಾರಣೆಯಿಲ್ಲದ ಸೆರೆ

ಮುಂಜಾಗ್ರತಾ ಬಂಧನವೆಂದರೆ ಮಾಡಿದ ತಪ್ಪಿಗಾಗಿ ಅಲ್ಲ, ಮುಂದೆ ಮಾಡಬಹುದೆಂಬ ಶಂಕೆಯ ಮೇಲೆ ಆಗುವ ಸೆರೆ. ಅದರಲ್ಲಿ ದೋಷಾರೋಪ ಪಟ್ಟಿ ಇಲ್ಲ, ಸಾಕ್ಷಿಗಳ ಪಾಟೀಸವಾಲಿಲ್ಲ, ತೀರ್ಪೂ ಇಲ್ಲ. ಅಧಿಕಾರಿಗೆ ಮನದಟ್ಟಾದರೆ ಸಾಕು. ಯುದ್ಧಕಾಲದಲ್ಲಿ ಇಂಥ ಅಧಿಕಾರವನ್ನು ಹಲವು ದೇಶಗಳು ಬಳಸಿವೆ. ಭಾರತದಲ್ಲಿ ಅದು ಶಾಂತಿಕಾಲದಲ್ಲೂ ಉಳಿದುಕೊಂಡಿತು, ಅದೂ ಸಂವಿಧಾನದ ಮೂಲಭೂತ ಹಕ್ಕುಗಳ ಭಾಗದೊಳಗೇ.

ಇದರ ಬೇರು ಈಸ್ಟ್ ಇಂಡಿಯಾ ಕಂಪನಿ ಹೊರಡಿಸಿದ 1818ರ ಬಂಗಾಳದ ಮೂರನೇ ರೆಗ್ಯುಲೇಷನ್‌ನಲ್ಲಿದೆ. ನ್ಯಾಯಾಲಯಕ್ಕೆ ಒಯ್ಯುವಷ್ಟು ಪುರಾವೆ ಇಲ್ಲದಿದ್ದರೂ ರಾಜ್ಯದ ಹಿತದ ಹೆಸರಿನಲ್ಲಿ ಯಾರನ್ನಾದರೂ ‘ರಾಜ್ಯಬಂದಿ’ಯಾಗಿ ಇಡಲು ಅದು ಅವಕಾಶ ಕೊಟ್ಟಿತು. ಮದ್ರಾಸ್, ಬೊಂಬಾಯಿ ಪ್ರಾಂತ್ಯಗಳಲ್ಲೂ ಅಂಥದೇ ನಿಯಮಗಳು ಬಂದವು. ಸುಮಾರು ತೊಂಬತ್ತು ವರ್ಷ ಕಳೆದ ಮೇಲೆ, 1907ರಲ್ಲಿ, ಲಾಲಾ ಲಜಪತ ರಾಯ್ ಮತ್ತು ಅಜಿತ್ ಸಿಂಗ್ ಅವರನ್ನು ವಿಚಾರಣೆ ನಡೆಸದೆ ಬರ್ಮಾದ ಮಂಡಾಲೆಗೆ ಗಡಿಪಾರು ಮಾಡಿದ್ದು ಈ ಹಳೆಯ ರೆಗ್ಯುಲೇಷನ್ ಬಲದಿಂದಲೇ. ಮೊದಲ ಮಹಾಯುದ್ಧ ಮುಗಿದರೂ ಯುದ್ಧಕಾಲದ ಅಧಿಕಾರವನ್ನು ಬಿಟ್ಟುಕೊಡಲು ಮನಸ್ಸಿಲ್ಲದ ಸರ್ಕಾರ 1919ರಲ್ಲಿ ರೌಲತ್ ಕಾಯ್ದೆ ತಂದಿತು. ಅದರ ವಿರುದ್ಧ ಎದ್ದ ಚಳವಳಿ ಜಲಿಯನ್‌ವಾಲಾ ಬಾಗ್‌ಗೆ ಹೋಗಿ ಮುಟ್ಟಿದ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು 1943ರ ತಲ್ಪಡೆ ಪ್ರಕರಣ. ಬಂಧನಕ್ಕೆ ಬಳಸುತ್ತಿದ್ದ ಭಾರತ ರಕ್ಷಣಾ ನಿಯಮಗಳ 26ನೇ ನಿಯಮ ಮೂಲ ಕಾಯ್ದೆಯನ್ನೇ ಮೀರಿದೆ ಎಂದು ಸರ್ ಮಾರಿಸ್ ಗ್ವೈಯರ್ ಅವರ ಫೆಡರಲ್ ಕೋರ್ಟ್ ಹೇಳಿತು. ಸರ್ಕಾರ ಬಂದಿಗಳನ್ನು ಬಿಡುವ ಬದಲು ಸುಗ್ರೀವಾಜ್ಞೆ ಹೊರಡಿಸಿ, ಕಾಯ್ದೆಯನ್ನು ಪೂರ್ವಾನ್ವಯವಾಗಿ ತಿದ್ದಿತು.

ಇಂಥ ಕಾನೂನುಗಳ ಅಡಿ ಸೆರೆಮನೆ ಕಂಡವರೇ ಸಂವಿಧಾನ ಸಭೆಯಲ್ಲಿ ಕೂತಿದ್ದರು. ಆದರೂ ದೇಶವಿಭಜನೆಯ ಹಿಂಸೆ, ತೆಲಂಗಾಣದ ಸಶಸ್ತ್ರ ಹೋರಾಟಗಳ ನಡುವೆ ಅಧಿಕಾರವನ್ನು ಕೈಬಿಡುವ ಧೈರ್ಯ ಅವರಿಗೆ ಬರಲಿಲ್ಲ. ಕರಡಿನಲ್ಲಿ ಮೊದಲು ಅಮೆರಿಕದ ಮಾದರಿಯ ‘ಡ್ಯೂ ಪ್ರೋಸೆಸ್’ ರಕ್ಷಣೆ ಇತ್ತು. ಸಭೆಯ ಸಾಂವಿಧಾನಿಕ ಸಲಹೆಗಾರ, ಮಂಗಳೂರಿನ ಬೆನೆಗಲ್ ನರಸಿಂಗ ರಾವ್ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿ, ಆ ರಕ್ಷಣೆ ಬೇಡವೆಂಬ ನಿಲುವಿನೊಂದಿಗೆ ಬಂದರು. ಕೊನೆಗೆ ಜೀವ, ಸ್ವಾತಂತ್ರ್ಯ ಕಾಯುವ 21ನೇ ವಿಧಿಯಲ್ಲಿ ಅದರ ಜಾಗಕ್ಕೆ ‘ಕಾನೂನು ಗೊತ್ತುಪಡಿಸಿದ ವಿಧಾನ’ ಎಂಬ ತೆಳುವಾದ ಮಾತು ಉಳಿಯಿತು. ಆ ಕೊರತೆಯನ್ನು ಒಂದಿಷ್ಟು ತುಂಬಲೆಂದು 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ತಂದ ವಿಧಿಯೇ ಈಗಿನ 22. ಬಂಧನದ ಕಾರಣ ತಿಳಿಸಬೇಕು, ಅಹವಾಲಿಗೆ ಅವಕಾಶ ಕೊಡಬೇಕು, ಮೂರು ತಿಂಗಳು ಮೀರಿದರೆ ಸಲಹಾ ಮಂಡಳಿಯ ಒಪ್ಪಿಗೆ ಬೇಕು ಎಂದು ಅದು ಹೇಳಿತು. ರಕ್ಷಣೆಯೆಂದು ಬಂದದ್ದೇ ವಿಚಾರಣೆಯಿಲ್ಲದ ಸೆರೆಗೆ ಸಂವಿಧಾನದ ಮುದ್ರೆಯೂ ಆಯಿತು.

ಗಣರಾಜ್ಯ ಹುಟ್ಟಿ ಒಂದು ತಿಂಗಳು ತುಂಬುವ ಮೊದಲೇ, 1950ರ ಫೆಬ್ರವರಿಯಲ್ಲಿ, ಸರ್ದಾರ್ ಪಟೇಲರು ಮುಂಜಾಗ್ರತಾ ಬಂಧನ ಕಾಯ್ದೆಯನ್ನು ಮಂಡಿಸಿದರು. ಅದಕ್ಕೆ ಒಂದೇ ವರ್ಷದ ಆಯುಷ್ಯವಿತ್ತು. ವಿಸ್ತರಣೆಯ ಮೇಲೆ ವಿಸ್ತರಣೆ ಪಡೆದು 1969ರ ಕೊನೆಯವರೆಗೂ ಬದುಕಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಮದ್ರಾಸಿನ ಸೆರೆಯಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. ಅವರ ಪರ ವಾದಿಸಿದ ಎಂ.ಕೆ. ನಂಬಿಯಾರ್ ಮಂಗಳೂರಿನಲ್ಲಿ ವಕೀಲಿ ಮಾಡಿದ್ದವರು. ರಾವ್ ಒಪ್ಪದೆ ಬಿಟ್ಟ ರಕ್ಷಣೆಯನ್ನು ಅದೇ ದಕ್ಷಿಣ ಕನ್ನಡದ ನಂಟಿನ ವಕೀಲರೊಬ್ಬರು ಸುಪ್ರೀಂ ಕೋರ್ಟಿನಲ್ಲಿ ವಾದದ ಮೂಲಕ ಮರಳಿ ತರಲು ಹೊರಟದ್ದು ಕುತೂಹಲದ ಸಂಗತಿ. 19, 21, 22ನೇ ವಿಧಿಗಳನ್ನು ಒಟ್ಟಿಗೆ ಓದಬೇಕೆಂಬ ಅವರ ವಾದವನ್ನು ಬಹುಮತ ಒಪ್ಪಲಿಲ್ಲ. ನ್ಯಾಯಮೂರ್ತಿ ಫಜಲ್ ಅಲಿ ಭಿನ್ನಮತ ಬರೆದರು. ಬಂಧನದ ಕಾರಣವನ್ನು ನ್ಯಾಯಾಲಯಕ್ಕೂ ಹೇಳಕೂಡದೆಂಬ 14ನೇ ಸೆಕ್ಷನ್ ಮಾತ್ರ ಬಿದ್ದುಹೋಯಿತು.

1971ರಲ್ಲಿ ಆಂತರಿಕ ಭದ್ರತಾ ಕಾಯ್ದೆ, ಜನರ ಬಾಯಲ್ಲಿ ‘ಮೀಸಾ’, ಜಾರಿಗೆ ಬಂತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿನಲ್ಲಿದ್ದರು. ಮರುದಿನ ಅವರ ಬಂಧನವಾಯಿತು. ಇಂದು ಫ್ರೀಡಂ ಪಾರ್ಕ್ ಆಗಿರುವ ಅಂದಿನ ಕೇಂದ್ರ ಕಾರಾಗೃಹ ಅವರ ನೆಲೆಯಾಯಿತು. ಸಂವಿಧಾನದ 14, 21, 22ನೇ ವಿಧಿಗಳಿಗಾಗಿ ಕೋರ್ಟಿಗೆ ಹೋಗುವ ಹಕ್ಕನ್ನು ರಾಷ್ಟ್ರಪತಿಗಳ ಆದೇಶ ಅಮಾನತಿನಲ್ಲಿಟ್ಟಿತು. ಬಂಧನದ ಕಾರಣ ಹೇಳಬೇಕಿಲ್ಲ ಎಂಬ ತಿದ್ದುಪಡಿ ಮೀಸಾಗೆ ಸೇರಿತು. ಹೀಗಿದ್ದೂ ಕರ್ನಾಟಕದ್ದೂ ಸೇರಿ ಒಂಬತ್ತು ಹೈಕೋರ್ಟುಗಳು ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕೇಳಬಹುದೆಂದವು. ಬಳಿಕ ಕರ್ನಾಟಕದ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ ಎಂ. ಸದಾನಂದಸ್ವಾಮಿ ಗೌಹಾಟಿಗೂ ವರ್ಗವಾದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅದೇ ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ಕುಗ್ಗಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೀಸಾ ಅಡಿ ಬಂಧಿತರಾದವರು ದೇಶದಾದ್ಯಂತ ಸುಮಾರು 35,000 ಮಂದಿ ಎಂದು ತುರ್ತುಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗ ಲೆಕ್ಕ ಕೊಟ್ಟಿತು.

ಹೈಕೋರ್ಟುಗಳ ಆದೇಶಗಳ ವಿರುದ್ಧದ ಮೇಲ್ಮನವಿ ಎಡಿಎಂ ಜಬಲ್‌ಪುರ ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಬಂತು. ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೆ ಪರಿಹಾರವಿದೆಯೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದಾಗ, ತುರ್ತುಪರಿಸ್ಥಿತಿ ಇರುವತನಕ ಇಲ್ಲ ಎಂದೇ ಅಟಾರ್ನಿ ಜನರಲ್ ನಿರೇನ್ ಡೇ ಉತ್ತರಿಸಿದರು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದಿನ ವರ್ಷ ಅವರ ಸೇವಾ ಹಿರಿತನವನ್ನು ಕಡೆಗಣಿಸಿ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ಖನ್ನಾ ರಾಜೀನಾಮೆ ಕೊಟ್ಟರು. ಆ ತೀರ್ಪು ಸ್ಪಷ್ಟ ಮಾತಿನಲ್ಲಿ ರದ್ದಾದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ.

ಜನತಾ ಸರ್ಕಾರ ಮೀಸಾವನ್ನು ತೆಗೆದುಹಾಕಿತು. 1978ರ 44ನೇ ತಿದ್ದುಪಡಿಯ ಬಳಿಕ ತುರ್ತುಪರಿಸ್ಥಿತಿಯಲ್ಲೂ 21ನೇ ವಿಧಿಯನ್ನು ಅಮಾನತಿನಲ್ಲಿಡುವಂತಿಲ್ಲ. ಇದೇ ತಿದ್ದುಪಡಿಯ 3ನೇ ಸೆಕ್ಷನ್, ಸಲಹಾ ಮಂಡಳಿಯಿಲ್ಲದ ಬಂಧನದ ಅವಧಿಯನ್ನು ಮೂರರಿಂದ ಎರಡು ತಿಂಗಳಿಗೆ ಇಳಿಸಿ, ಮಂಡಳಿಯ ನೇಮಕದಲ್ಲಿ ಹೈಕೋರ್ಟಿಗೆ ಪಾತ್ರ ಕೊಟ್ಟಿತ್ತು. ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಡಲೇ ಇಲ್ಲ. 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆ ಬಂತು, 1981ರ ಎ.ಕೆ. ರಾಯ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, 3ನೇ ಸೆಕ್ಷನ್ ಜಾರಿಗೊಳಿಸಿ ಎಂದು ಸರ್ಕಾರಕ್ಕೆ ಆದೇಶಿಸಲು ನಿರಾಕರಿಸಿತು.

ಕರ್ನಾಟಕದಲ್ಲಿ ಈ ಅಧಿಕಾರದ ಪರಿಚಿತ ರೂಪ 1985ರ ‘ಗೂಂಡಾ ಕಾಯ್ದೆ’. ಕಳ್ಳಭಟ್ಟಿ ದಂಧೆಯವರು, ಜೂಜುಕೋರರು, ಗೂಂಡಾಗಳು, ಕೊಳೆಗೇರಿ ಜಾಗ ಕಬಳಿಸುವವರನ್ನು ಗುರಿಯಾಗಿಸಿ ಬಂದ ಕಾಯ್ದೆಗೆ 2014ರ ತಿದ್ದುಪಡಿ ಆಸಿಡ್ ದಾಳಿಕೋರರನ್ನೂ ಡಿಜಿಟಲ್ ಅಪರಾಧಿಗಳನ್ನೂ ಸೇರಿಸಿತು. ಗರಿಷ್ಠ ಅವಧಿ ಹನ್ನೆರಡು ತಿಂಗಳು. ಸಾಮಾನ್ಯ ಕಾನೂನು ಸಾಕಾಗುವ ಕಡೆ ಇಂಥ ಬಂಧನ ಸಲ್ಲದೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆದೇಶಗಳು ರದ್ದಾಗುವುದು ಬಹುಪಾಲು ವಿಧಾನದ ಲೋಪಗಳಿಗೆ: ಅಹವಾಲಿನ ತೀರ್ಮಾನದಲ್ಲಿ ವಿಳಂಬ, ಓದಲಾಗದ ದಾಖಲೆ ಪ್ರತಿ, ಬಂಧಿತನಿಗೆ ತಿಳಿಯದ ಭಾಷೆಯಲ್ಲಿ ಕೊಟ್ಟ ಕಾರಣಗಳು. ಬಂಧಿತ ನಿಜವಾಗಿ ಅಪಾಯಕಾರಿಯೇ ಎಂಬುದನ್ನು ನ್ಯಾಯಾಲಯ ಸಾಮಾನ್ಯವಾಗಿ ಅಳೆಯುವುದಿಲ್ಲ. ಅದನ್ನು ಪರಿಶೀಲಿಸಬೇಕಾದ ಸಲಹಾ ಮಂಡಳಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕೂ ಬಂಧಿತನಿಗಿಲ್ಲ.